ರೂಪಾಯಿಗೊಂದಾಣೆಯ ಲೆಕ್ಕ ಮತ್ತು ಕಾಡಿನ ಶಾಲೆ

ನಮ್ಮ ಕಡೆಯ ಶಾಲೆಗಳ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ತಲೆಯಲ್ಲಿತ್ತು. ನಮ್ಮ ಕಡೆ ಅಂದ್ರೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ. ಉತ್ತರ ಕನ್ನಡ ಅಂದ ಕೂಡಲೇ ನಿಮ್ಮಲ್ಲಿ ಹೆಚ್ಚಿನವರಿಗೆ ಗೋಕರ್ಣ, ಕಾರವಾರದ ಕಡಲು, ಶಿರಸಿಯ ಅಡಿಕೆ ತೋಟ, ಯಕ್ಷಗಾನ ನೆನಪಾಗುತ್ತೆ. ಬ್ಲಾಗ್ ಲೋಕದಲ್ಲೂ ಶಿರಸಿ-ಸಿದ್ದಾಪುರದವರದೇ ದರ್ಬಾರು ಬಿಡಿ :) ಘಟ್ಟದ ಮೇಲೆ, ಅರ್ಧ ಧಾರವಾಡಕ್ಕೆ ಅರ್ಧ ಬೆಳಗಾವಿಗೆ ಅಂಟಿಕೊಂಡಿರುವ ನಮ್ಮ ನಾಲ್ಕು ತಾಲೂಕುಗಳ ಬಗ್ಗೆ ಬರೆಯುವವರು ಕಡಿಮೆ. ರಾಫ್ಟಿಂಗ್ ಮಾಡಲು ಬಂದವರಿಗೆ ದಾಂಡೇಲಿ ಗೊತ್ತು, ಅಷ್ಟೆ.

ವಿಷಯ ಇಷ್ಟು. ಸರಕಾರ ಎಲ್ಲ ಶಾಲೆಗಳಿಗೂ ಒಂದೇ ನಿಯಮದ ಮೇಲೆ ದುಡ್ಡು ಕೊಡುತ್ತದೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆ ಇಲ್ಲ. ಕೇಳಲು ನ್ಯಾಯವಾಗಿಯೇ ಇದೆ ಅಲ್ವಾ? ಆದರೆ ಕಳೆದ ನೂರೈವತ್ತು ವರ್ಷಗಳಲ್ಲಿ ಆ ನಿಯಮ ಮೂರು ನಾಲ್ಕು ಸಲ ಬದಲಾದರೂ, ಪ್ರತಿ ಸಲವೂ ಲೆಕ್ಕದಿಂದ ಹೊರಗೆ ಉಳಿದದ್ದು ಕಾಡಿನೊಳಗಿನ ಶಾಲೆಯೇ. ಇದು ಹೇಗಾಯಿತು ಅಂತ ಸ್ವಲ್ಪ ಹಿಂದಿನಿಂದ ನೋಡೋಣ.

1862ರಲ್ಲಿ ಬ್ರಿಟಿಷರು ಕೆನರಾದ ಉತ್ತರದ ಹೋಳನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಮುಂಬಯಿ ಪ್ರಾಂತ್ಯದಲ್ಲಿ 1860ರ ದಶಕದಲ್ಲಿ ಒಂದು ಹೊಸ ವ್ಯವಸ್ಥೆ ಶುರುವಾಗಿತ್ತು. ರೈತ ಕಟ್ಟುವ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಹೆಚ್ಚುವರಿ ಸೆಸ್. 1869ರಲ್ಲಿ ಇದಕ್ಕೆ ಕಾನೂನಿನ ಬಲವೂ ಬಂತು. ಹೀಗೆ ಸೇರಿದ ಹಣದಲ್ಲಿ ಮೂರನೇ ಒಂದು ಪಾಲು ಶಾಲೆಗೆ, ಉಳಿದದ್ದು ರಸ್ತೆ ಮುಂತಾದ ಕೆಲಸಕ್ಕೆ. ಹಳ್ಳಿಯ ಶಾಲೆ ಎಂಬುದು ನಮ್ಮ ಕಡೆ ಬೆಳೆದದ್ದು ಈ ಒಂದಾಣೆಯ ಮೇಲೆ.

ಈಗ ಲೆಕ್ಕ ಹಾಕಿ. ಆಗ ರೂಪಾಯಿಗೆ 16 ಆಣೆ. ಒಂದು ಲಕ್ಷ ಕಂದಾಯ ಹುಟ್ಟುವ ಸೀಮೆಯಲ್ಲಿ ಸೆಸ್ 6,250 ರೂಪಾಯಿ. ಶಾಲೆಗೆ ಸಿಗುವುದು ಎರಡು ಸಾವಿರದ ಚಿಲ್ಲರೆ. ಹತ್ತು ಸಾವಿರ ಕಂದಾಯ ಹುಟ್ಟುವ ಸೀಮೆಯಲ್ಲಿ ಶಾಲೆಗೆ ಇನ್ನೂರು. ದರ ಒಂದೇ, ನಿಯಮ ಒಂದೇ, ಯಾರಿಗೂ ಪಕ್ಷಪಾತ ಇಲ್ಲ. ಕಪ್ಪು ಮಣ್ಣಿನ ಧಾರವಾಡ ಸೀಮೆಗೂ ಸೂಪಾಕ್ಕೂ ಒಂದೇ ಲೆಕ್ಕ!

ಸೂಪಾದಲ್ಲಿ ಉಳುವ ಭೂಮಿ ಎಲ್ಲಿತ್ತು? ಕುಣಬಿಗಳು ಕುಮರಿ ಮಾಡಿಕೊಂಡಿದ್ದರು, ಅಂದರೆ ಕಾಡಿನ ತುಂಡು ಕಡಿದು ಸುಟ್ಟು ರಾಗಿ ಬಿತ್ತಿ, ಎರಡು ಮೂರು ವರ್ಷಕ್ಕೆ ಇನ್ನೊಂದು ಕಡೆ ಹೋಗುವ ಬೇಸಾಯ. ಅದನ್ನೂ ಸರಕಾರ ಬಿಗಿ ಮಾಡುತ್ತಾ ಬಂತು. 1878ರ ಅರಣ್ಯ ಕಾಯಿದೆಯ ನಂತರ ಕಾಡು ಮೀಸಲಾಯಿತು. ಹಾಗಾದರೆ ಸೂಪಾ ಬಡ ಸೀಮೆಯೇ? ಅಲ್ಲವೇ ಅಲ್ಲ. ಇಡೀ ಪ್ರಾಂತ್ಯದಲ್ಲಿ ಹೆಸರುವಾಸಿಯಾದ ಸಾಗವಾನಿ ಇಲ್ಲಿಯದು. ಅದನ್ನು ಸಾಗಿಸಲೆಂದೇ ಅಳ್ನಾವರದಿಂದ ದಾಂಡೇಲಿಗೆ ರೈಲು ಹಾಕಿದರು. ಆದರೆ ಸಾಗವಾನಿಯ ದುಡ್ಡು ಭೂಕಂದಾಯವಲ್ಲ, ಅರಣ್ಯ ಇಲಾಖೆಯ ಉತ್ಪನ್ನ. ಒಂದಾಣೆ ಸೆಸ್ ಕುಳಿತದ್ದು ಗದ್ದೆಯ ಮೇಲೆ. ಹೀಗೆ ಶ್ರೀಮಂತ ಕಾಡಿನ ನಡುವಿನ ಊರು ಶಾಲೆಯ ಲೆಕ್ಕಕ್ಕೆ ಬರುವಾಗ ಮಾತ್ರ ಬಡ ಊರು.

ಇದರ ಮೇಲೆ ಇನ್ನೊಂದು. 1854ರ ವುಡ್ ಸಾಹೇಬರ ಆದೇಶಪತ್ರದಿಂದ ಬಂದ ಅನುದಾನ ಪದ್ಧತಿಯ ತಿರುಳೇನೆಂದರೆ, ನೀವು ಸ್ವಲ್ಪ ಹಾಕಿ, ಸರಕಾರ ಸ್ವಲ್ಪ ಹಾಕುತ್ತದೆ. ಊರಿನಲ್ಲಿ ಹಾಕುವವರಿದ್ದರೆ ಶಾಲೆ ಬಂತು. ಕಡಲ ಬದಿಯ ಕುಮಟಾ, ಹೊನ್ನಾವರ, ಕಾರವಾರಗಳಲ್ಲಿ ವ್ಯಾಪಾರಸ್ಥರಿದ್ದರು, ವಕೀಲರಿದ್ದರು. ಸೂಪಾದ ಗೌಳಿವಾಡದಲ್ಲಿ ಯಾರು ಹಾಕಬೇಕು?

ಮುಂಬಯಿ ಪ್ರಾಂತ್ಯದ ಈ ಲೆಕ್ಕಾಚಾರವನ್ನು ಆ ಕಾಲದಲ್ಲೇ ಒಬ್ಬರು ಸರಕಾರದ ಮುಖಕ್ಕೆ ಹಿಡಿದಿದ್ದರು. 1882ರಲ್ಲಿ ಹಂಟರ್ ಆಯೋಗ ಪುಣೆಗೆ ಬಂದಾಗ ಜೋತಿಬಾ ಫುಲೆಯವರು ಕೊಟ್ಟ ಹೇಳಿಕೆಯ ಸಾರ ಇದೇ. ಸರಕಾರದ ಬೊಕ್ಕಸ ತುಂಬುವುದು ರೈತನ ಬೆವರಿನಿಂದ, ಆದರೆ ಶಿಕ್ಷಣದ ಹಣ ಹರಿಯುವುದು ಮೇಲಿನ ವರ್ಗದ ಉಚ್ಚ ಶಿಕ್ಷಣಕ್ಕೆ, ಹಳ್ಳಿಯ ಪ್ರಾಥಮಿಕ ಶಾಲೆಗಲ್ಲ ಎಂದು. ಅವರು ಪುಣೆಯಲ್ಲಿ ನಿಂತು ಆಡಿದ ಮಾತು ಹಳಿಯಾಳಕ್ಕೂ ಅಷ್ಟೇ ಸಲ್ಲುತ್ತಿತ್ತು, ಒಂದೇ ಪ್ರಾಂತ್ಯ ತಾನೇ. 20ನೇ ಶತಮಾನದ ಶುರುವಿನಲ್ಲಿ ಸೂಪಾ ಹಳಿಯಾಳ ತಾಲೂಕಿನ ಕೆಳಗಿನ ಒಂದು ಪೇಟಾ, ಮುಂಡಗೋಡ ಯಲ್ಲಾಪುರದ ಕೆಳಗಿನ ಒಂದು ಪೇಟಾ. ದಾಂಡೇಲಿ ಅಂದರೆ ಮರದ ಡಿಪೋ.

ಇದು ಬರೀ ನಮ್ಮ ಕಥೆ ಅಂದುಕೊಳ್ಳಬೇಡಿ. ಅಮೇರಿಕಾದಲ್ಲಿ ಶಾಲೆಗಳ ದೊಡ್ಡ ಪಾಲಿನ ದುಡ್ಡು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಅಂದರೆ ನಮ್ಮ ಒಂದಾಣೆಯ ಅಣ್ಣ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದ ಎಜ್‌ವುಡ್ ಎಂಬ ಬಡ ಬಡಾವಣೆಯಲ್ಲಿ 1967-68ರಲ್ಲಿ ಮಗುವೊಂದಕ್ಕೆ ವರ್ಷಕ್ಕೆ 356 ಡಾಲರ್ ಖರ್ಚಾಗುತ್ತಿದ್ದರೆ, ಅದೇ ನಗರದ ಸಿರಿವಂತರ ಅಲಾಮೋ ಹೈಟ್ಸಿನಲ್ಲಿ 594 ಡಾಲರ್. ಡೆಮೆಟ್ರಿಯೋ ರೋಡ್ರಿಗೆಸ್ ಎಂಬ ಕಾರ್ಮಿಕ ಮತ್ತು ಇತರ ಪಾಲಕರು ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಆದರೆ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಅಲ್ಲಲ್ಲಿಯ ಕೋರ್ಟುಗಳು ಇದನ್ನು ಒಪ್ಪಲಿಲ್ಲ, ದುಡ್ಡು ಹಂಚುವ ರೀತಿ ಬದಲಾಯಿಸಿ ಅಂದವು. ಇದರ ಫಲ ಏನಾಯಿತು ಅನ್ನುವುದಕ್ಕೆ ಮುಂದೆ ಬರುತ್ತೇನೆ.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಅದಕ್ಕೆ ಒಂದು ವರ್ಷ ಮೊದಲು ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಕಂಪನಿ ಹುಟ್ಟಿತ್ತು. ಮರದ ಡಿಪೋ ಆಗಿದ್ದ ದಾಂಡೇಲಿ ನೋಡನೋಡುತ್ತಾ ಕಾರ್ಖಾನೆ ಊರಾಯಿತು. ಊರೂರಿಂದ ಕಾರ್ಮಿಕರು ಬಂದರು, ಕಾಲೊನಿ ಬಂತು, ಶಾಲೆಗಳು ಬಂದವು. ಚುಟುಕು ಬ್ರಹ್ಮ ಅಂತ ನಾವೆಲ್ಲ ಕರೆಯುವ ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಜಿಲ್ಲೆಯ ಉದ್ದಕ್ಕೂ ಹೈಸ್ಕೂಲು ತೆರೆಯಿತು. ದಾಂಡೇಲಿಯ ಜನತಾ ವಿದ್ಯಾಲಯವೂ ಅದೇ ಟ್ರಸ್ಟಿನದು. ದೇಸಾಯಿಯವರನ್ನು ಬರೀ ಚುಟುಕದಿಂದ ನೆನೆಯುವುದು ಅನ್ಯಾಯ ಅಂತ ನನ್ನ ಖಚಿತ ಅಭಿಪ್ರಾಯ. ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷ್ ಸರಕಾರದಿಂದ ಗಡೀಪಾರಾಗಿದ್ದ ಮನುಷ್ಯ, ವಾಪಸು ಬಂದು ಮಾಡಿದ ಕೆಲಸ ಶಾಲೆ ಕಟ್ಟುವುದು!

ಆದರೆ ಇಲ್ಲೂ ಅದೇ ಗಂಟು. ಟ್ರಸ್ಟು, ಕಾರ್ಖಾನೆ, ಮಠ, ಚರ್ಚು ಯಾರೇ ಶಾಲೆ ತೆರೆದರೂ ಮಕ್ಕಳು ಒಂದೆಡೆ ಸೇರಿರುವ ಊರಲ್ಲಿ ತೆರೆಯುತ್ತಾರೆ. ಹಾಗೆ ತೆರೆದ ಮೇಲೆ ಸರಕಾರದ ಅನುದಾನ ಹಿಂದಿನಿಂದ ಬರುತ್ತದೆ. 1995ರ ನಂತರ ಹುಟ್ಟಿದ ಕನ್ನಡ ಶಾಲೆಗಳಿಗೆ ಅನುದಾನದ ಬಾಗಿಲೂ ಮುಚ್ಚಿತು. ಮೊದಲು ಶಾಲೆ ಕಂಡ ಊರು ಗೆದ್ದಿತು, ತಡವಾಗಿ ಎಚ್ಚೆತ್ತ ಊರು ಸೋತಿತು. ಪೇಪರ್ ಮಿಲ್ಲಿಗೆ ಕಾಡಿನ ಬಿದಿರು ತೀರಾ ಅಗ್ಗದ ದರಕ್ಕೆ ಹೋದ ಬಗ್ಗೆ ಮಾಧವ ಗಾಡ್ಗೀಳರು ಬರೆದಿದ್ದಾರೆ. ಆ ಬಿದಿರು ಕಾಗದವಾಗಿ ದೇಶಕ್ಕೆಲ್ಲ ಹೋಯಿತು. ಬಿದಿರು ಬೆಳೆದ ಊರಿನ ಮಗುವಿನ ಪಾಟಿಚೀಲದಲ್ಲಿ ಮಾತ್ರ ಪಾಟಿಯೇ ಇತ್ತು.

ಹಾಗೆಯೇ ಕಾಳಿ ನದಿ. ಸೂಪಾ ಅಣೆಕಟ್ಟು 1987ರಲ್ಲಿ ಮುಗಿಯಿತು. ಸೂಪಾ ಊರು ನೀರಿನ ಕೆಳಗೆ ಹೋಯಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು, ಎದ್ದು ಹೋದ ಜನರಲ್ಲಿ ಬಹಳಷ್ಟು ಮಂದಿ ರಾಮನಗರದ ಪುನರ್ವಸತಿ ಕಾಲೊನಿಗೆ ಹೋದರು. ಕರೆಂಟು ರಾಜ್ಯಕ್ಕೆ. ಸಾಗವಾನಿ, ಬಿದಿರು, ಕರೆಂಟು, ಮೂರೂ ಹೊರಗೆ ಹೋದವು, ಮೂರರಲ್ಲಿ ಒಂದರ ಮೇಲೂ ಶಾಲೆಗೆ ಒಂದಾಣೆ ಬೀಳಲಿಲ್ಲ.

ಇನ್ನು ಸರಾಸರಿಯ ಕಥೆ ಕೇಳಿ. ಇದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ಭಾಗ.

1990ರ ದಶಕದಲ್ಲಿ ಡಿಪಿಇಪಿ ಅಂತ ಒಂದು ದೊಡ್ಡ ಯೋಜನೆ ಬಂತು. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ. ವಿಶ್ವಬ್ಯಾಂಕು ಮುಂತಾದವರ ದುಡ್ಡು. ಶಿಕ್ಷಣದಲ್ಲಿ ಹಿಂದುಳಿದ ಜಿಲ್ಲೆಗಳನ್ನು ಆರಿಸಿ ಅಲ್ಲಿ ಹೊಸ ಕೋಣೆ, ಶಿಕ್ಷಕರ ತರಬೇತಿ, ಕಲಿಕಾ ಸಾಮಗ್ರಿ ಎಲ್ಲ ಕೊಡುವುದು. ಆರಿಸಲು ಮುಖ್ಯ ಅಳತೆ, ಜಿಲ್ಲೆಯ ಮಹಿಳಾ ಸಾಕ್ಷರತೆ ದೇಶದ ಸರಾಸರಿಗಿಂತ ಕಡಿಮೆ ಇರಬೇಕು. ಕರ್ನಾಟಕದಲ್ಲಿ ಎರಡು ಹಂತದಲ್ಲಿ 11 ಜಿಲ್ಲೆಗಳಿಗೆ ಇದು ಬಂತು. ಬೆಳಗಾವಿಗೆ ಬಂತು, ಧಾರವಾಡಕ್ಕೆ ಬಂತು, ಉತ್ತರ ಕನ್ನಡಕ್ಕೆ ಬರಲಿಲ್ಲ. ಯಾಕೆಂದರೆ ನಮ್ಮ ಜಿಲ್ಲೆಯ ಸರಾಸರಿ ಚೆನ್ನಾಗಿತ್ತು! ಕರಾವಳಿ ಮತ್ತು ಶಿರಸಿ ಸೀಮೆಯ ಅಕ್ಕಂದಿರು ಓದಿದ್ದರಿಂದ ಜೋಯಿಡಾದ ಕುಣಬಿ ಹುಡುಗಿಗೆ ಕೋಣೆ ಸಿಗಲಿಲ್ಲ. ಗಡಿ ದಾಟಿ ಖಾನಾಪುರಕ್ಕೋ ಕಲಘಟಗಿಗೋ ಹೋದರೆ ಯೋಜನೆ ಇತ್ತು. 2011ರ ಗಣತಿಯಲ್ಲೂ ನೋಡಿ, ಉತ್ತರ ಕನ್ನಡದ ಸಾಕ್ಷರತೆ ಶೇ. 84, ರಾಜ್ಯದ್ದು ಶೇ. 75. ಈ 84ರೊಳಗೆ ಯಾರು ಅಡಗಿದ್ದಾರೆ ಅಂತ ಬೆಂಗಳೂರಿನ ಕಡತಕ್ಕೆ ಹೇಗೆ ಗೊತ್ತಾಗಬೇಕು?

ಈ ತಪ್ಪನ್ನು ಸರಿಯಾಗಿ ಹಿಡಿದವರು ಡಾ. ಡಿ. ಎಂ. ನಂಜುಂಡಪ್ಪ. ಅವರ ಸಮಿತಿ 2002ರಲ್ಲಿ ಕೊಟ್ಟ ವರದಿ ಜಿಲ್ಲೆಯನ್ನು ಬಿಟ್ಟು ತಾಲೂಕನ್ನು ಅಳತೆಗೋಲು ಮಾಡಿಕೊಂಡಿತು. ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು ಅಂತ ಗುರುತಿಸಿತು. ಉತ್ತರ-ದಕ್ಷಿಣ ಅಂತ ಜಗಳ ಆಡುವವರು ಆ ವರದಿಯನ್ನು ತಮಗೆ ಬೇಕಾದಂತೆ ಬಳಸಿಕೊಂಡರು. ಆದರೆ ಅದರ ದೊಡ್ಡ ಕೊಡುಗೆ ಈ ಅಳತೆಗೋಲು ಬದಲಿಸಿದ್ದೇ ಅಂತ ನನಗನ್ನಿಸುತ್ತೆ.

ಈಗ ಮುಂಡಗೋಡಕ್ಕೆ ಬನ್ನಿ. ಒಂದೇ ತಾಲೂಕಿನಲ್ಲಿ ಮೂರು ಬಗೆಯ ಸರಕಾರಿ ದುಡ್ಡು ಅಕ್ಕಪಕ್ಕದಲ್ಲಿ ನೋಡಲು ಸಿಗುವ ಊರು ರಾಜ್ಯದಲ್ಲಿ ಬಹಳ ಇರಲಾರವು.

ಮೊದಲನೆಯದು ಟಿಬೆಟನ್ ಕ್ಯಾಂಪಿನ ಶಾಲೆ. 1966ರಲ್ಲಿ ಮುಂಡಗೋಡದ ಕಾಡಿನಲ್ಲಿ ನಿರಾಶ್ರಿತರ ವಸಾಹತು ಶುರುವಾಯಿತು. ಬಂದವರ ಕೈಯಲ್ಲಿ ಏನೂ ಇರಲಿಲ್ಲ, ಭಾಷೆ ಬೇರೆ, ಹವೆ ಬೇರೆ. ಆದರೆ ಅವರ ಮಕ್ಕಳಿಗಾಗಿ ಕೇಂದ್ರ ಸರಕಾರ 1961ರಲ್ಲೇ ಒಂದು ಪ್ರತ್ಯೇಕ ಸಂಸ್ಥೆ ಮಾಡಿತ್ತು, ಶಾಲೆಯ ಖರ್ಚು ದೆಹಲಿಯಿಂದ ಬರುತ್ತಿತ್ತು. ಆ ಮೇಲೆ ಈ ಶಾಲೆಗಳನ್ನು ಹಂತ ಹಂತವಾಗಿ ಟಿಬೆಟನ್ನರ ಸ್ವಂತ ಶಿಕ್ಷಣ ವ್ಯವಸ್ಥೆಗೆ ಒಪ್ಪಿಸುತ್ತಾ ಬಂದರು. ಎರಡನೆಯದು ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ, ಅದೂ ಮುಂಡಗೋಡದಲ್ಲೇ. ಊಟ, ವಸತಿ, ಪುಸ್ತಕ ಎಲ್ಲ ಉಚಿತ, ವಿಷಯಕ್ಕೊಬ್ಬ ಶಿಕ್ಷಕರು. ಆದರೆ ಪರೀಕ್ಷೆ ಬರೆದು ಪಾಸಾದ 80 ಮಕ್ಕಳಿಗೆ ಮಾತ್ರ, ಅದೂ ಇಡೀ ಜಿಲ್ಲೆಗೆ. ಮೂರನೆಯದು ಊರ ಸರಕಾರಿ ಶಾಲೆ, ಸಿದ್ದಿಗಳ, ಗೌಳಿಗಳ, ಲಂಬಾಣಿಗಳ ಮಕ್ಕಳು ಹೋಗುವ ಶಾಲೆ.

ಟಿಬೆಟನ್ನರ ಬಗ್ಗೆ ಹೊಟ್ಟೆಕಿಚ್ಚಿನಿಂದ ಬರೆಯುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ನನಗೆ ಅದು ಒಂದು ಪುರಾವೆ. ಮನೆಯಲ್ಲಿ ಬೇರೆ ಭಾಷೆ, ಕಾಡಿನ ಅಂಚು, ಕೈಯಲ್ಲಿ ಕಾಸಿಲ್ಲ. ಇಷ್ಟೆಲ್ಲ ಇದ್ದೂ, ಬೇಕಾದಷ್ಟು ಹಣ ಬೇಕಾದಲ್ಲಿಗೆ ದಶಕಗಟ್ಟಲೆ ಬಂದರೆ ಒಂದೇ ತಲೆಮಾರಿನಲ್ಲಿ ನರ್ಸು, ಶಿಕ್ಷಕ, ಗುಮಾಸ್ತ ತಯಾರಾಗುತ್ತಾರೆ. ನವೋದಯದ ಬಗ್ಗೆ ಮಾತ್ರ ನನಗೆ ಸ್ವಲ್ಪ ತಕರಾರಿದೆ. ಐದನೇ ಕ್ಲಾಸಿನವರೆಗೆ ಚೆನ್ನಾಗಿ ಕಲಿತ ಮಗುವಿಗೇ ಅದು ಸಿಗುವುದು. ಐದರವರೆಗೆ ಕಲಿಸುವ ಶಾಲೆಯೇ ಸೊರಗಿದ್ದರೆ?

ಸೊರಗುವುದು ಹೇಗೆ ಅಂದರೆ, ನಾನು ಓದಿದ ಶಾಲೆ ಹಳಿಯಾಳ ತಾಲೂಕಿನದು, ಹೆಸರು ಬೇಡ. ಎರಡು ಕೋಣೆ, ನಾಲ್ಕು ಕ್ಲಾಸು. ಮನೆಯಲ್ಲಿ ನಮ್ಮಲ್ಲಿ ಹೆಚ್ಚಿನವರದು ಮರಾಠಿ, ಕೆಲವರದು ಕೊಂಕಣಿ. ಗುರುಗಳು ಪಾಠ ಮಾಡುವುದು ಕನ್ನಡದಲ್ಲಿ. ಒಂದನೇ ಕ್ಲಾಸಿನ ಅರ್ಧ ವರ್ಷ "ಬರ್‍ರಿ, ಕೂಡ್ರಿ" ತಿಳಿಯುವುದರಲ್ಲೇ ಹೋಗುತ್ತಿತ್ತು. ಮಳೆಗಾಲದಲ್ಲಿ ಒಂದು ಕೋಣೆ ಸೋರಿದರೆ ನಾಲ್ಕೂ ಕ್ಲಾಸು ಒಂದೇ ಕೋಣೆಗೆ. ನನಗದು ಆಗ ಕೊರತೆ ಅನ್ನಿಸಲೇ ಇಲ್ಲ, ಮಜಾ ಅನ್ನಿಸಿತ್ತು. ಹೈಸ್ಕೂಲಿಗೆ ಪೇಟೆಗೆ ಹೋದ ಮೇಲೆ ಗಣಿತದ ಕ್ಲಾಸಿನಲ್ಲಿ ಗೊತ್ತಾಯಿತು.

ಈಗಿನ ನಿಯಮ ತಲೆ ಎಣಿಕೆಯದು. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಒಬ್ಬರು ತರಬೇತಿಗೋ ಮೀಟಿಂಗಿಗೋ ಹೋದರೆ ಐದು ಕ್ಲಾಸಿಗೆ ಒಬ್ಬರು. 2018ರಲ್ಲಿ ಸಮಗ್ರ ಶಿಕ್ಷಣ ಶುರುವಾದ ಮೇಲೆ ಶಾಲಾ ಅನುದಾನವೂ ತಲೆ ಎಣಿಕೆಗೆ ಬಂತು. 30 ಮಕ್ಕಳ ತನಕ ವರ್ಷಕ್ಕೆ 10 ಸಾವಿರ, 100ರ ತನಕ 25 ಸಾವಿರ, 250ರ ತನಕ 50 ಸಾವಿರ, ಹೀಗೆ. ಸೋರುವ ಹಂಚಿಗೆ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಗೊತ್ತಿರುತ್ತಾ? ಜೋಯಿಡಾ ವಿಸ್ತೀರ್ಣದಲ್ಲಿ ಜಿಲ್ಲೆಗೇ ದೊಡ್ಡ ತಾಲೂಕು, ಜನ ಐವತ್ತು ಸಾವಿರದ ಆಸುಪಾಸು. ಅಲ್ಲಿ ಊರು ಅಂದರೆ ನಾಲ್ಕು ಮನೆ ಇಲ್ಲಿ, ಮೂರು ಮನೆ ಗುಡ್ಡದಾಚೆ. ಶಾಲೆ ಸಣ್ಣದಾಗಿಯೇ ಇರುತ್ತದೆ.

ಇಲ್ಲೊಂದು ಮಾತನ್ನು ನ್ಯಾಯವಾಗಿ ಒಪ್ಪಬೇಕು. ಅಧಿಕಾರಿಗಳನ್ನು ಕೇಳಿದರೆ "ಇಂಥ ಶಾಲೆಗೆ ತಲಾ ಖರ್ಚು ಪೇಟೆಗಿಂತ ಜಾಸ್ತಿ" ಅನ್ನುತ್ತಾರೆ. ಸುಳ್ಳಲ್ಲ. 12 ಮಕ್ಕಳು, ಇಬ್ಬರು ಶಿಕ್ಷಕರು, ಇಬ್ಬರ ಸಂಬಳ ತಿಂಗಳಿಗೆ ಒಂದು ಲಕ್ಷ ಅಂತ ಹಿಡಿಯಿರಿ, ಮಗುವಿಗೆ ತಿಂಗಳಿಗೆ ಎಂಟು ಸಾವಿರದ ಮೇಲಾಯಿತು. ಇದೇ ಲೆಕ್ಕ ತೋರಿಸಿ ಸಣ್ಣ ಶಾಲೆಗಳನ್ನು ದೊಡ್ಡ ಶಾಲೆಗೆ ವಿಲೀನ ಮಾಡುವ ಮಾತು ಮತ್ತೆ ಮತ್ತೆ ಬರುತ್ತದೆ. ಆದರೆ ಕಾಗದದ ಮೇಲಿನ ಇಬ್ಬರು ಶಿಕ್ಷಕರು ನಿಜಕ್ಕೂ ಇದ್ದಾರಾ ಎಂಬುದು ಪ್ರಶ್ನೆ. 2007ರ ವರ್ಗಾವಣೆ ಕಾಯಿದೆಯಲ್ಲಿ ಎ, ಬಿ, ಸಿ ಅಂತ ವಲಯ ಮಾಡಿದ್ದು ಇದಕ್ಕೇ. ಸಿ ವಲಯಕ್ಕೆ ಬಂದವರು ಒಂದು ದಿನ ಎ ವಲಯಕ್ಕೆ ಹೋಗುವ ಆಸೆಯಲ್ಲೇ ಇರುತ್ತಾರೆ, ಅವರನ್ನು ಬೈದು ಉಪಯೋಗವಿಲ್ಲ. ಹೀಗಾಗಿ ಅನುಭವಿಗಳು, ಅಂದರೆ ಹೆಚ್ಚು ಸಂಬಳದವರು, ಪೇಟೆಯಲ್ಲಿ ಸೇರಿಕೊಳ್ಳುತ್ತಾರೆ. ಖಾಲಿ ಹುದ್ದೆಗೆ ಕಾಡಿನ ಶಾಲೆಯಲ್ಲಿ ಅತಿಥಿ ಶಿಕ್ಷಕರು. ಪ್ರಾಥಮಿಕ ಶಾಲೆಯಲ್ಲಿ ಅವರಿಗೆ ತಿಂಗಳಿಗೆ 10 ಸಾವಿರ ಇತ್ತು, 2025ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿಸಿದರು. ಶಿಕ್ಷಣದ ಬಜೆಟ್ಟಿನಲ್ಲಿ ಅತಿ ದೊಡ್ಡ ಪಾಲು ಸಂಬಳ. ಆ ಪಾಲು ಶಿಕ್ಷಕರ ಹಿಂದೆ ಪೇಟೆಗೆ ನಡೆದು ಹೋಗುತ್ತದೆ, ಯಾವ ಆದೇಶವೂ ಬೇಕಿಲ್ಲ.

ದುಡ್ಡು ಬಂದರೂ ಕಟ್ಟಲು ಜಾಗ? 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಾಡಿನೊಳಗೆ ಒಂದು ಕೋಣೆ ಏಳಿಸುವುದೂ ದೊಡ್ಡ ಪ್ರಕರಣ. 2006ರ ಅರಣ್ಯ ಹಕ್ಕು ಕಾಯಿದೆಯ ಕಲಮು 3(2) ಇದನ್ನು ಸಡಿಲ ಮಾಡಿತು. ಗ್ರಾಮಸಭೆ ಶಿಫಾರಸು ಮಾಡಿದರೆ ಶಾಲೆಗಾಗಿ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಕೊಡಬಹುದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಆ ಪಟ್ಟಿಯಲ್ಲಿ ಮೊದಲ ಹೆಸರೇ ಶಾಲೆ. ಈ ಕಲಮು ನಮ್ಮ ಕಡೆಯ ಎಷ್ಟು ಶಾಲಾ ಸಮಿತಿಗಳಿಗೆ ಗೊತ್ತಿದೆಯೋ!

ದುಡ್ಡು ಹಾಕಿದರೆ ಮಕ್ಕಳು ಕಲಿಯುತ್ತಾರೆಯೇ ಎಂಬ ಮೂಲ ಪ್ರಶ್ನೆ ಉಳಿದಿದೆ. 1966ರಲ್ಲಿ ಅಮೇರಿಕಾದ ಕೋಲ್ಮನ್ ವರದಿ, ಮಗುವಿನ ಮನೆಯ ಸ್ಥಿತಿಯೇ ಮುಖ್ಯ, ಶಾಲೆಯ ಖರ್ಚಿನಿಂದ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ ಅಂತ ಹೇಳಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಆಮೇಲೆ ಕೋರ್ಟು ತೀರ್ಪುಗಳಿಂದ ಹಂಚಿಕೆ ಬದಲಾದ ರಾಜ್ಯಗಳ ಮಕ್ಕಳನ್ನು ದೊಡ್ಡವರಾಗುವ ತನಕ ಹಿಂಬಾಲಿಸಿ ಜ್ಯಾಕ್ಸನ್, ಜಾನ್ಸನ್, ಪರ್ಸಿಕೋ ಎಂಬ ಮೂವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹನ್ನೆರಡು ವರ್ಷವೂ ಶೇ. 10ರಷ್ಟು ಹೆಚ್ಚು ಖರ್ಚು ಮಾಡಿದಲ್ಲಿ ಮಕ್ಕಳು ಮುಂದೆ ಗಳಿಸುವ ಕೂಲಿ ಸುಮಾರು ಶೇ. 7 ಹೆಚ್ಚಾಗಿತ್ತು, ಬಡತನ ಇಳಿದಿತ್ತು, ಪರಿಣಾಮ ಬಡ ಮಕ್ಕಳಲ್ಲೇ ಹೆಚ್ಚು. ನಮಗೆ ಇನ್ನೂ ಹತ್ತಿರದ್ದು ಇಂಡೋನೇಷ್ಯಾ. 1973ರಿಂದ 1978ರ ನಡುವೆ ಅಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿದರು. ಹಂಚಿಕೆ ಹೇಗೆ ಗೊತ್ತಾ? ಶಾಲೆಗೆ ಬರುತ್ತಿರುವ ಮಕ್ಕಳನ್ನಲ್ಲ, ಬಾರದೇ ಇರುವ ಮಕ್ಕಳನ್ನು ಎಣಿಸಿ. ಆ ಶಾಲೆಗಳು ಬಂದಲ್ಲಿ ಓದೂ ಹೆಚ್ಚಿತು, ಮುಂದೆ ಕೂಲಿಯೂ ಹೆಚ್ಚಿತು ಅಂತ ಎಸ್ತರ್ ಡುಫ್ಲೋ ತೋರಿಸಿದ್ದಾರೆ. ಹಾಗಂತ ಕಾಸು ಎಸೆದರೆ ಸಾಕು ಅಂತಲ್ಲ. ಆಂಧ್ರಪ್ರದೇಶದಲ್ಲಿ ಶಾಲೆಗೆ ಅನುದಾನ ಬರುತ್ತದೆಂದು ಮೊದಲೇ ಗೊತ್ತಾದಾಗ ಪಾಲಕರು ತಮ್ಮ ಖರ್ಚು ಕಡಿಮೆ ಮಾಡಿದರು, ಕಲಿಕೆ ಏರಲಿಲ್ಲ. ಆದರೆ ಪಾಲಕರ ಕೈಯಲ್ಲಿ ಕಡಿಮೆ ಮಾಡಲೂ ಏನೂ ಇಲ್ಲದ ಊರಲ್ಲಿ?

ಹೆಚ್ಚು ಹಣ ಯಾರಿಗೆ ಅಂತ ಗೆರೆ ಎಳೆಯುವಾಗ ಏನಾಗುತ್ತದೆ ಅನ್ನುವುದಕ್ಕೆ ಸಿದ್ದಿಗಳೇ ಉದಾಹರಣೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ವಿದ್ಯಾರ್ಥಿವೇತನ, ಹಾಸ್ಟೆಲ್, ಸೀಟು, ದಾರಿ ತೆರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಮೊದಲಿಗರು. ಆದರೆ ಮಾನ್ಯತೆ ಜಿಲ್ಲೆಯ ಗಡಿಗೇ ನಿಂತಿತ್ತು. ಹಳಿಯಾಳದ ಸಿದ್ದಿ ಹುಡುಗನಿಗೆ ಸಿಕ್ಕ ಹಾಸ್ಟೆಲ್ ಸೌಲಭ್ಯ ಖಾನಾಪುರದಲ್ಲಿರುವ ಅವನ ಸೋದರಮಾವನ ಮಗನಿಗಿಲ್ಲ. ಬೆಳಗಾವಿ, ಧಾರವಾಡದ ಸಿದ್ದಿಗಳಿಗೆ ಅದು ಬಂದದ್ದು 2020ರಲ್ಲಿ, 17 ವರ್ಷದ ನಂತರ. ಆ 17 ವರ್ಷದಲ್ಲಿ ಒಂದನೇ ಕ್ಲಾಸು ಸೇರಿದ ಮಗುವಿನ ಓದಿನ ವಯಸ್ಸೇ ಮುಗಿದಿತ್ತು. ಜೋಯಿಡಾದ ಕುಣಬಿಗಳು, ಗೌಳಿಗಳು ಇನ್ನೂ ಕೇಳುತ್ತಲೇ ಇದ್ದಾರೆ. ಪಕ್ಕದ ಮನೆಯ ಸಿದ್ದಿ ಮಗುವಿನಷ್ಟೇ ದೂರ ನಡೆದು ಶಾಲೆಗೆ ಬರುವ ಮಗು ಅವರದೂ.

ನನ್ನನ್ನು ಕೇಳಿದರೆ ಜಾತಿಯ ಪಟ್ಟಿ ಇರಲಿ, ಅದರ ಜೊತೆಗೆ ಶಾಲೆಯ ಪಟ್ಟಿಯೂ ಬೇಕು. ಬಸ್ಸು ನಿಲ್ಲುವ ಜಾಗದಿಂದ ಶಾಲೆ ಎಷ್ಟು ಕಿಲೋಮೀಟರು, ಮನೆಮಾತು ಕನ್ನಡವಲ್ಲದ ಮಕ್ಕಳು ಎಷ್ಟು, ಕಳೆದ ಐದು ವರ್ಷದಲ್ಲಿ ಎಷ್ಟು ತಿಂಗಳು ಹುದ್ದೆ ಖಾಲಿ ಇತ್ತು, ಈ ಮೂರನ್ನು ಪ್ರತಿ ಶಾಲೆಯ ಹೆಸರಿನ ಮುಂದೆ ಬರೆದು, ಆಮೇಲೆ ದುಡ್ಡು ಹಂಚಲಿ. ಈ ಮಾಹಿತಿಯ ಬಹುಪಾಲು ಬಿಇಓ ಕಚೇರಿಯಲ್ಲೇ ಸಿಗುತ್ತದೆ.

ಅಂದ ಹಾಗೆ, ನಿಮ್ಮಲ್ಲಿ ಯಾರಾದರೂ ಜೋಯಿಡಾ, ರಾಮನಗರ, ಕ್ಯಾಸಲ್‌ರಾಕ್, ಮುಂಡಗೋಡ ಕಡೆಯವರಿದ್ದರೆ ಒಂದು ಕೆಲಸ ಮಾಡ್ತೀರಾ? ಊರಿಗೆ ಹೋದಾಗ ನಿಮ್ಮ ಶಾಲೆಯ ಗೋಡೆಯ ಕಲ್ಲಿನ ಮೇಲೆ ಯಾವ ಇಸವಿ ಇದೆ, ದುಡ್ಡು ಕೊಟ್ಟವರು ಯಾರು ಅಂತ ಬರೆದಿದೆ, ನೋಡಿ ಬಂದು ಇಲ್ಲಿ ಬರೆಯಿರಿ. ಮುಳುಗಿದ ಸೂಪಾದಲ್ಲಿ ಓದಿದ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಕೇಳಿ. ಆ ಶಾಲೆಯ ದಾಖಲಾತಿ ಪುಸ್ತಕ ನೀರು ಏರುವ ಮೊದಲು ಯಾರು, ಎಲ್ಲಿಗೆ ಹೊತ್ತುಕೊಂಡು ಹೋದರು ಅಂತ ನನಗೆ ತಿಳಿಯಬೇಕಾಗಿದೆ.